ಆರು ಚಳಿಗಾಲ ಕಂಡ ಗೀಸರ್: ವಾಘೋಲಿಯ ಬಚ್ಚಲುಮನೆಯಿಂದ ಒಂದು ವಿಮರ್ಶೆ

ಪುಣೆಯ ವಾಘೋಲಿಯ ಫ್ಲ್ಯಾಟಿಗೆ ನಾವು ಬಂದದ್ದು 2019ರ ನವೆಂಬರಿನಲ್ಲಿ. ಅದೇ ವಾರ 25 ಲೀಟರಿನ, 2 ಕಿಲೋವ್ಯಾಟ್‌ನ, ಐದು ಸ್ಟಾರಿನ ಸ್ಟೋರೇಜ್ ಗೀಸರೊಂದು ಬಚ್ಚಲುಮನೆಯ ಗೋಡೆ ಏರಿತು. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಆರು ಚಳಿಗಾಲಗಳಲ್ಲಿ ನಾನು ಕಲಿತದ್ದರ ಬಹುಪಾಲು ಯಾವ ಕಂಪನಿಯ ಸ್ಟೋರೇಜ್ ಗೀಸರಿಗೂ ಸಲ್ಲುತ್ತದೆ.

ಮೊದಲ ಜನವರಿಯ ವಿದ್ಯುತ್ ಬಿಲ್ಲು ನಮ್ಮನ್ನು ಬೆಚ್ಚಿಬೀಳಿಸಿತು. ತಿಂಗಳಿಗೆ 230 ಯೂನಿಟ್ಟಿನ ಆಸುಪಾಸು ಇರುತ್ತಿದ್ದ ಬಳಕೆ 335ಕ್ಕೆ ಏರಿತ್ತು. ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ದರ 100, 300 ಮತ್ತು 500 ಯೂನಿಟ್ಟುಗಳ ಮೆಟ್ಟಿಲುಗಳಲ್ಲಿ ಏರುವುದರಿಂದ, ಗೀಸರು ಸೇರಿಸಿದ ಕೊನೆಯ ಯೂನಿಟ್ಟುಗಳಿಗೆ 300 ದಾಟಿದ ಮೇಲಿನ, ಇನ್ನೂ ದುಬಾರಿಯಾದ ಮೂರನೆಯ ಮೆಟ್ಟಿಲಿನ ದರ ಬಿದ್ದಿತ್ತು. ಐದು ಸ್ಟಾರಿನ ಯಂತ್ರಕ್ಕೆ ಹೆಚ್ಚು ಹಣ ಕೊಟ್ಟದ್ದು ಯಾವ ಸುಖಕ್ಕೆ ಎಂದು ಮನೆಯಲ್ಲಿ ಚರ್ಚೆಯಾಯಿತು. ಉತ್ತರ ಹುಡುಕಲು 16 ಆಂಪಿಯರಿನ ಸಾಕೆಟ್ಟಿಗೆ ಸಿಕ್ಕಿಸುವ ಒಂದು ಸಣ್ಣ ಮೀಟರನ್ನೂ, ನಲ್ಲಿಯ ನೀರಿಗೆ ಹಿಡಿಯಲು ಒಂದು ಥರ್ಮಾಮೀಟರನ್ನೂ ತಂದೆ.

ಲೆಕ್ಕ ಸರಳವಾಗಿದೆ. ಜನವರಿಯ ಬೆಳಿಗ್ಗೆ ನಮ್ಮ ಟಾಕಿಯ ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು ಸ್ನಾನಕ್ಕೆ ಹದವಾದ 40 ಡಿಗ್ರಿಗೆ ತರಲು ಅರ್ಧ ಯೂನಿಟ್ಟಿಗಿಂತ ತುಸು ಕಡಿಮೆ ವಿದ್ಯುತ್ ಬೇಕು, ಮತ್ತು ಯಾವ ಸ್ಟಾರಿನ ಗೀಸರ್ ತಂದರೂ ಇದರಲ್ಲಿ ಹೇಳಿಕೊಳ್ಳುವಂಥ ಕಡಿತವಾಗದು. ಮೂರು ಕಿಲೋವ್ಯಾಟ್‌ನ ಕಾಯಿಲ್ ಹೆಚ್ಚು ವಿದ್ಯುತ್ ನುಂಗುತ್ತದೆ ಎಂಬ ಮಾತೂ ಇಷ್ಟೇ ಹುಸಿ. ಅದು ಅಷ್ಟೇ ಯೂನಿಟ್ಟುಗಳನ್ನು ಕಡಿಮೆ ಹೊತ್ತಿನಲ್ಲಿ ಬಳಸುತ್ತದೆ. ಹಾಗಾದರೆ ಸ್ಟಾರ್ ಅಳೆಯುವುದು ಏನನ್ನು? ಕಾದ ನೀರನ್ನು ಯಾರೂ ಮುಟ್ಟದೆ 24 ಗಂಟೆ ಬಿಸಿಯಾಗಿ ಇಡಲು, ಒಳಗೂ ಹೊರಗೂ 45 ಡಿಗ್ರಿಯ ಅಂತರವಿರುವಾಗ, ಎಷ್ಟು ವಿದ್ಯುತ್ ಸೋರಿಹೋಗುತ್ತದೆ ಎಂಬುದನ್ನು ಮಾತ್ರ. ನಮ್ಮ ಗೀಸರನ್ನು ಊರಿಗೆ ಹೋಗುವಾಗ ಬೇಕೆಂದೇ ಆನ್ ಇಟ್ಟು ನೋಡಿದಾಗ ಈ ಸೋರಿಕೆ ದಿನಕ್ಕೆ 0.6 ಯೂನಿಟ್ಟಿನಷ್ಟಿತ್ತು. ಶಾಖ ಹೊರಹೋಗದಂತೆ ತಡೆಯುವ ಪಫ್ (ಫೋಮ್) ಹೊದಿಕೆ ಒಳ್ಳೆಯದೇ ಇದೆ ಎಂದು ಅಂದು ಒಪ್ಪಿಕೊಂಡೆ.

ಆದರೆ ನಿಜವಾದ ಸೋರಿಕೆ ಷವರಿನಲ್ಲಿತ್ತು. ಮಗ ಎಂಟು ನಿಮಿಷ ನಿಂತರೆ 64 ಲೀಟರ್ ಹರಿಯುತ್ತಿತ್ತು, ಅಂದರೆ ಒಂದೂವರೆ ಯೂನಿಟ್. ಉಳಿದ ಮೂವರ ಬಕೆಟ್ ಸ್ನಾನಕ್ಕೆ ಒಟ್ಟಾಗಿ ತಗಲುತ್ತಿದ್ದಷ್ಟೇ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅವನು ವಾರದ ಐದು ದಿನ ಬಕೆಟ್ಟಿಗೆ ಒಪ್ಪಿದ. ಇನ್ನು ಗೀಸರನ್ನು ದಿನವಿಡೀ ಆನ್ ಇಡುವ ನನ್ನ ಅಭ್ಯಾಸ. ಥರ್ಮೋಸ್ಟಾಟ್ ತಾನಾಗಿ ಕಡಿಯುತ್ತದಲ್ಲ ಎಂದು ನಾನು ವಾದಿಸುತ್ತಿದ್ದೆ, ಧಾರವಾಡದ ಬಚ್ಚಲೊಲೆಯ ಹಂಡೆಯಲ್ಲಿ ನಲವತ್ತು ವರ್ಷ ನೀರು ಕಾಯಿಸಿದ ಅವ್ವ, "ನೀರ ಕಾದ್ರ ಉರಿ ಹಿಂದಕ್ಕ ಎಳೀಬೇಕಪ್ಪ, ಅದನೂ ನಾನ ಹೇಳಬೇಕೇನು?" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಈಗ ಬೆಳಿಗ್ಗೆ ಮುಕ್ಕಾಲು ಗಂಟೆ ಮೊದಲೇ ಸ್ವಿಚ್ ಹಾಕಿ, ಕೊನೆಯವರು ಸ್ನಾನಕ್ಕೆ ಇಳಿಯುವ ಮುನ್ನವೇ ಆರಿಸುತ್ತೇವೆ. ಗೀಸರಿನಲ್ಲಿ ಉಳಿದ ಬಿಸಿನೀರು ಅವರಿಗೆ ಸಾಕು. ಥರ್ಮೋಸ್ಟಾಟನ್ನು 60 ಡಿಗ್ರಿಗೆ ಇಳಿಸಿದ್ದೇನೆ. ಮರುವರ್ಷದ ಜನವರಿ 290 ಯೂನಿಟ್ಟಿಗೆ ನಿಂತಿತು, ಮೂರನೆಯ ಮೆಟ್ಟಿಲು ತಪ್ಪಿತು.

ಯಂತ್ರದ ದೂರುಗಳಿಗೆ ಬರುತ್ತೇನೆ. ಖಡಕವಾಸಲಾ ಅಣೆಕಟ್ಟಿನ ನೀರು ಬರುತ್ತಿದ್ದ, ಪುಣೆಯ ಕೋಥರೂಡಿನ ನಮ್ಮ ಹಿಂದಿನ ಬಾಡಿಗೆ ಮನೆಯಲ್ಲಿ ಗಡಸು ನೀರಿನ ಈ ಪಾಡು ಇರಲಿಲ್ಲ. ಇಲ್ಲಿ ನಮ್ಮ ಸೊಸೈಟಿ ನಂಬಿರುವುದು ಟ್ಯಾಂಕರ್ ಮತ್ತು ಬೋರ್‌ವೆಲ್ ನೀರನ್ನು. ಮೂರನೆಯ ವರ್ಷ ನೀರು ಕಾಯುವಾಗ ಗೀಸರಿನ ಒಳಗೆ ಕಟಕಟ ಸದ್ದು ಶುರುವಾಯಿತು, ಕೆಲವೇ ತಿಂಗಳಲ್ಲಿ ಕಾಯಿಲ್ ಸುಟ್ಟಿತು. ಸರ್ವಿಸಿನ ಹುಡುಗ ಕೆಳಗಿನ ಮುಚ್ಚಳ (ಫ್ಲ್ಯಾಂಜ್) ಬಿಚ್ಚಿದೊಡನೆ ಅರ್ಧ ಮಗ್ಗಿನಷ್ಟು ಬಿಳಿ ಸುಣ್ಣದ ಚಕ್ಕೆಗಳು ಬಕೆಟ್ಟಿಗೆ ಸುರಿದವು, ಕಾಯಿಲಿನ ಮೇಲೆ ಬೆರಳು ದಪ್ಪದ ಹೊರೆ ಕಟ್ಟಿತ್ತು, ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನು ಸವೆಯಬೇಕಾದ ಮೆಗ್ನೀಸಿಯಂ ಅನೋಡ್ ರಾಡ್ ಸವೆದು ಬರಿಯ ತಂತಿಯಾಗಿತ್ತು. ಗಡಸು ನೀರು ಕಾದಾಗ ಅದರ ಬೈಕಾರ್ಬೊನೇಟು ಒಡೆದು ಸುಣ್ಣ ಕೂರುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ ಕೂರುತ್ತದೆ. ಇದರಿಂದಲೇ ಬಿಲ್ಲು ಏರಿತ್ತೆಂದು ಅವನು ಹೇಳಿದ್ದನ್ನು ನಾನು ಒಪ್ಪಲಿಲ್ಲ. ನೀರಿನಲ್ಲಿ ಮುಳುಗಿದ ಕಾಯಿಲಿನ ಶಾಖಕ್ಕೆ ನೀರನ್ನು ಬಿಟ್ಟು ಬೇರೆ ಹೋಗುವ ದಾರಿಯಿಲ್ಲ. ನನ್ನ ಮೀಟರಿನಲ್ಲೂ ಸ್ವಚ್ಛಗೊಳಿಸುವ ಮುಂಚೆ ಮತ್ತು ಅನಂತರ ಅಂಕಿ ಬದಲಾಗಲಿಲ್ಲ. ಸುಣ್ಣ ತಿನ್ನುವುದು ಕಾಯಿಲಿನ ಆಯುಷ್ಯವನ್ನು: ಹೊರೆಯ ಒಳಗೆ ಶಾಖ ಕಟ್ಟಿಕೊಂಡು ಅದು ಸುಟ್ಟುಹೋಗುತ್ತದೆ. ಕಾಯಿಲ್, ರಾಡ್, ಗ್ಯಾಸ್ಕೆಟ್, ಕೂಲಿ ಸೇರಿ 2,100 ರೂಪಾಯಿ ಆಯಿತು. ಮಾರಾಟದ ದಿನ ಅನೋಡಿನ ವಿಚಾರ ಯಾರೂ ಬಾಯಿ ಬಿಟ್ಟಿರಲಿಲ್ಲ ಎಂಬುದು ನನ್ನ ದೊಡ್ಡ ತಕರಾರು. ಅಂದಿನಿಂದ ಪ್ರತಿ ವರ್ಷ ದಸರೆಗೆ ಮುಂಚೆ ಬಿಚ್ಚಿಸುತ್ತೇನೆ, ಕಾಯಿಲ್ ಮತ್ತೆ ಸುಟ್ಟಿಲ್ಲ.

ಸುರಕ್ಷಾ ವಾಲ್ವಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಪಕ್ಕದ ಮನೆಯವರು ಅದಕ್ಕೆ ಬೂಚು ಹಾಕಿಸಿದ್ದರು. 25 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾಯುವಾಗ ಹಿಗ್ಗಿ ಮೂರೂಮುಕ್ಕಾಲು ನೂರು ಮಿಲಿಲೀಟರಿನಷ್ಟು ಹೆಚ್ಚುತ್ತದೆ, ಹಿಂದಕ್ಕೆ ಹೋಗಲು ವಾಲ್ವು ಬಿಡದಿದ್ದಾಗ ಅದು ಹೊರಬರಲೇಬೇಕು. ನಾನೇ ಹೋಗಿ ಆ ಬೂಚನ್ನು ತೆಗೆಸಿದೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಅನೋಡಿನ ಮೌನಕ್ಕೆ. ಇದು ಕೆಟ್ಟ ದಿನ 15 ಲೀಟರಿನದನ್ನು ತರುತ್ತೇನೆ, ಬಕೆಟ್ ಸ್ನಾನದ ಮನೆಗೆ ಅಷ್ಟು ಸಾಕು. ಮಗ ಮಾತ್ರ ಇನ್ನೂ ಒಪ್ಪಿಲ್ಲ.