“ಹಳೇ ಬೀಟೆ ಮರದ ನೆಕ್” ಅಂದ ತಕ್ಷಣ ದುಡ್ಡು ಕೊಡಬೇಡಿ

ಬೇಸ್ ಗಿಟಾರ್‌ಗೆ ಕೈಯಲ್ಲಿ ನೆಕ್ (ತಂತಿ ಒತ್ತಿ ನುಡಿಸುವ ಉದ್ದನೆಯ ಹಿಡಿ) ಮಾಡಿಸುವ ಯೋಚನೆ ಇದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನನಗೆ 14,000 ರೂಪಾಯಿ ಹೋಯಿತು. ಗಣೇಶನ ಹಬ್ಬದ ಎರಡು ಕಾರ್ಯಕ್ರಮವೂ ಹೋದವು.

ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಆರ್ಕೆಸ್ಟ್ರಾ, ಇದು ನನ್ನ ಬದುಕು. ನನ್ನದು ಜಾಝ್ ಬೇಸ್ ಮಾದರಿಯ ಕಾಪಿ, ಹತ್ತು ವರ್ಷ ಹಳೇದು. ಏಪ್ರಿಲ್‌ನಲ್ಲಿ ಒಂದು ರಿಸೆಪ್ಷನ್‌ನಲ್ಲಿ ಯಾರದೋ ಮಗು ಸ್ಟ್ಯಾಂಡಿಗೆ ಎಡವಿತು, ಬೇಸ್ ಮುಗುಚಿ ಬಿತ್ತು. ನಟ್‌ನ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ ನೆಕ್ ಉದ್ದಕ್ಕೆ ಸೀಳಿಹೋಯಿತು. ಹೊರದೇಶದಿಂದ ನೆಕ್ ತರಿಸಿದರೆ ಕಸ್ಟಮ್ಸ್ ಎಲ್ಲ ಸೇರಿ ಬೇಸ್‌ನ ಬೆಲೆಗೇ ಬರುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ಕೈಯಲ್ಲಿ ನೆಕ್ ಮಾಡಿಕೊಡುವ ಈ ಮನುಷ್ಯನ ವಿಡಿಯೋ. ಹೆಸರು ಬೇಡ ಬಿಡಿ. ಉಳಿ ಹಿಡಿದು ಮರ ಕೆತ್ತುವುದು, ಎಣ್ಣೆ ಹಚ್ಚಿದಾಗ ಕಪ್ಪುಕಂದು ಬಣ್ಣ ಮಿಂಚುವುದು, ಹಿಂದೆ ಕೊಳಲು. ನೋಡಿದರೆ ಯಾರಿಗಾದರೂ ಆಸೆಯಾಗಬೇಕು.

“ಸರ್, ನಲವತ್ತು ವರ್ಷದ ಹಳೇ ಮನೆ ಬಾಗಿಲಿಂದು. ಒರಿಜಿನಲ್ ಬೀಟೆ” ಅಂದ. ನಮ್ಮಲ್ಲಿ ಬೀಟೆ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಪರವಾನಗಿ ಬೇಕು. 2017ರಿಂದ ಆ ಜಾತಿಯ ಮರಗಳೆಲ್ಲ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ಹೊರದೇಶದ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯಲ್ಲಿವೆ. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ಅಷ್ಟು ಬಿಗಿ ಇರುವ ಮರದಲ್ಲಿ ಇಡೀ ನೆಕ್, ಅದೂ 14,000ಕ್ಕೆ? ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಆಸೆ ಕಣ್ರೀ. ಅವತ್ತೇ ಪೂರ್ತಿ ದುಡ್ಡು ಫೋನ್‌ಪೇ ಮಾಡಿದೆ.

ಜುಲೈ ಮಧ್ಯದಲ್ಲಿ ನೆಕ್ ಬಂತು. ಹೊರಗೆ ಜಡಿಮಳೆ. ನೋಡೋಕೆ ನಿಜಕ್ಕೂ ಚೆನ್ನಾಗಿತ್ತು, ಆ ಮಟ್ಟಿಗೆ ಮೋಸ ಇಲ್ಲ. ಬಾಡಿಯ ಗುಂಡಿಯಲ್ಲಿ ಸ್ವಲ್ಪ ಸಡಿಲ ಕೂತಿತು, ಪಕ್ಕಕ್ಕೆ ವಿಸಿಟಿಂಗ್ ಕಾರ್ಡ್ ಕತ್ತರಿಸಿ ತುರುಕಿದೆ. ನಟ್‌ನ ಅಗಲ 38 ಮಿಲಿಮೀಟರ್ ಇರಬೇಕಾದದ್ದು 41 ಇತ್ತು. ಹೋಗಲಿ, ಬೆರಳು ಒಗ್ಗುತ್ತೆ ಅಂದುಕೊಂಡೆ.

ಶ್ರುತಿ ಮಾತ್ರ ಒಗ್ಗಲಿಲ್ಲ. ಖಾಲಿ ತಂತಿ ಸರಿ ಇದ್ದರೆ ಹನ್ನೆರಡನೇ ಫ್ರೆಟ್‌ನಲ್ಲಿ (ನೆಕ್‌ಗೆ ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿಗಳೇ ಫ್ರೆಟ್) ಸ್ವರ ತಗ್ಗುತ್ತಿತ್ತು. ಸ್ಕೇಲ್ ಹಿಡಿದು ಅಳೆದೆ. ಬೇಸ್‌ನ ತಂತಿಯ ಅಳತೆ 34 ಇಂಚು, ಅಂದರೆ 864 ಮಿಲಿಮೀಟರ್. ಅದನ್ನು 17.817ರಿಂದ ಭಾಗಿಸಿದರೆ ನಟ್‌ನಿಂದ ಮೊದಲ ಫ್ರೆಟ್ ಎಷ್ಟು ದೂರ ಅಂತ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಬೇಕು. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 432ಕ್ಕೆ ಬರಬೇಕು. ಇವನದು 429ಕ್ಕೆ ಬಂದಿತ್ತು. ಲೆಕ್ಕ ಹಾಕಿ ನೋಡಿದರೆ ಪುಣ್ಯಾತ್ಮ 18ರಿಂದ ಭಾಗಿಸಿದ್ದಾನೆ! ಅದು ಹಳೇ ಕಾಲದ ಅಂದಾಜು ಲೆಕ್ಕ. ಮೊದಲ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ, ಯಾರಿಗೂ ಕಾಣಲ್ಲ. ಹನ್ನೆರಡಕ್ಕೆ ಬರುವಾಗ 3 ಮಿಲಿಮೀಟರ್, ಬಡಗಿಗಳ ಮಾತಿನಲ್ಲಿ ಒಂದು ನೂಲು. ಬಾಗಿಲಿಗೆ ಒಂದು ನೂಲು ಆಚೀಚೆ ಆದರೆ ಹೇಗೋ ನಡೆಯುತ್ತೆ, ಸಂಗೀತಕ್ಕೆ ನಡೆಯಲ್ಲ. ಆದರೂ ಬ್ರಿಜ್‌ನ ಸ್ಯಾಡಲ್‌ಗಳನ್ನು (ಬಾಡಿಯ ಕಡೆ ತಂತಿ ಕೂರುವ ತುಂಡುಗಳು) ಮುಂದಕ್ಕೆ ತಂದು ಅದನ್ನು ಸುಮಾರಾಗಿ ಸರಿದೂಗಿಸಿದೆ. ಅಷ್ಟೇ ಆಗಿದ್ದರೆ ಈ ಬರಹ ಬರೀತಾನೇ ಇರಲಿಲ್ಲ.

ಮೂರನೇ ವಾರ ಎಡಗೈ ಉರಿಯೋಕೆ ಶುರುವಾಯಿತು. ನೋಡಿದರೆ ಹೆಬ್ಬೆರಳ ಬುಡದಲ್ಲಿ ಸಣ್ಣ ಸಣ್ಣ ಗೀರು. ನೆಕ್‌ನ ಅಂಚಿನಲ್ಲಿ ಬೆರಳಾಡಿಸಿದೆ. ಫ್ರೆಟ್‌ಗಳ ತುದಿ ಗರಗಸದ ಹಲ್ಲಿನ ಹಾಗೆ ಹೊರಗೆ ಬಂದಿವೆ. ತಂದಾಗ ನುಣ್ಣಗಿತ್ತು. ಫ್ರೆಟ್ ಬೆಳೆಯಲಿಲ್ಲ, ಮರ ಕುಗ್ಗಿತ್ತು. ಅಂದರೆ ಆ “ನಲವತ್ತು ವರ್ಷದ ಮರ” ನಮ್ಮ ಮನೆಯಲ್ಲಿ ಒಣಗುತ್ತಾ ಇತ್ತು!

ನಾಲ್ಕು ತಂತಿ ಸೇರಿ ನೆಕ್ ಮೇಲೆ ಸುಮಾರು 80 ಕೆಜಿ ಎಳೆತ ಇರುತ್ತದೆ. ಒಬ್ಬ ಆಳು ಹಗಲೂ ರಾತ್ರಿ ಜೋತುಬಿದ್ದ ಹಾಗೆ. ಒಣಗಿದ ಮರ ಇದನ್ನು ತಡೆಯುತ್ತದೆ. ಹಸಿ ಮರ ಒಣಗುತ್ತಾ ಎಳೆತ ಇದ್ದ ಕಡೆಗೆ ಬಾಗಿ, ಹಾಗೇ ನಿಂತುಬಿಡುತ್ತದೆ. ಹಬ್ಬಕ್ಕೆ ಐದು ದಿನ ಇರುವಾಗ ಮೊದಲ ಫ್ರೆಟ್ಟನ್ನೂ ಕೊನೆಯದನ್ನೂ ಒಟ್ಟಿಗೆ ಒತ್ತಿ ನೋಡಿದೆ. ಮಧ್ಯೆ ತಂತಿಗೂ ಫ್ರೆಟ್ಟಿಗೂ ವಿಸಿಟಿಂಗ್ ಕಾರ್ಡಿನಷ್ಟು ಸಂದು ಇದ್ದರೆ ಸಾಕು. ನನ್ನದರಲ್ಲಿ ಒಂದು ರೂಪಾಯಿ ನಾಣ್ಯ ಸಲೀಸಾಗಿ ತೂರಿತು.

ನೆಕ್ ಬಾಗಿದರೆ ನೆಟ್ಟಗೆ ಮಾಡೋಕೆ ಅದರೊಳಗೆ ಟ್ರಸ್ ರಾಡ್ ಅನ್ನೋ ಲೋಹದ ಸರಳು ಇರುತ್ತದೆ. ಅದು ಇರೋದೇ ಇದಕ್ಕೆ ಅಲ್ವಾ ಅಂತ ಅಲೆನ್ ಕೀ ಹಾಕಿ ತಿರುಗಿಸಿದೆ. ಕಾಲು ಸುತ್ತು, ಏನೂ ಇಲ್ಲ. ಅರ್ಧ ಸುತ್ತು, ಏನೂ ಇಲ್ಲ. ಮುಕ್ಕಾಲಿಗೆ ಒಳಗಿಂದ ಕರ್ ಅಂತ ಸದ್ದು ಬಂತು. ಒಂದೇ ಸರಳಿನ ರಾಡ್ ಆದರೆ ಅದು ಕೂರುವ ಕಾಲುವೆ ಬಿಲ್ಲಿನ ಹಾಗೆ ಬಾಗಿರಬೇಕು. ನೇರ ಕಾಲುವೆ ಕೊರೆದರೆ ಎರಡು ಸರಳಿನ ರಾಡ್ ಹಾಕಬೇಕು. ಇವನು ನೇರ ಕಾಲುವೆಯಲ್ಲಿ ಒಂದೇ ಸರಳು ಮಲಗಿಸಿ ಎಂಸೀಲ್ ಮೆತ್ತಿದ್ದ. ಬಿಗಿ ಮಾಡಿದಷ್ಟೂ ರಾಡಿನ ತಿರುಪಿನ ನಟ್ಟು ಮೆತ್ತನೆ ಮರದೊಳಗೆ ಹೂತುಕೊಂಡಿತು, ನೆಕ್ ಮಾತ್ರ ಕೂದಲೆಳೆಯಷ್ಟೂ ಏಳಲಿಲ್ಲ.

ಫೋನ್ ಮಾಡಿದೆ. “ಮಳೆಗಾಲ ಅಲ್ವಾ ಸರ್, ಮುಗಿದ ಮೇಲೆ ತಾನಾಗೇ ನೆಟ್ಟಗಾಗುತ್ತೆ” ಅಂದ. ಆಮೇಲೆ ಫೋನ್ ಎತ್ತಲಿಲ್ಲ. ಹಬ್ಬದ ಎರಡೂ ಕಾರ್ಯಕ್ರಮಕ್ಕೆ ಬೇರೆ ಹುಡುಗ ಹೋದ. ಈಗಲೂ ಅವನನ್ನೇ ಕರೆಯುತ್ತಿದ್ದಾರೆ, ಅದು ಬೇರೆ ಹೊಟ್ಟೆಯುರಿ.

ತೀರ್ಥಹಳ್ಳಿಯಲ್ಲಿ ನಮ್ಮ ಸೋದರಮಾವ ಮರಗೆಲಸದವರು. ಅಲ್ಲಿಗೆ ನೆಕ್ ಒಯ್ದೆ. ಗಿಟಾರ್ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಕೈಯಲ್ಲಿ ತೂಗಿ ನೋಡಿದವರೇ ನಕ್ಕರು. “ಬೀಟೆ ಇಷ್ಟು ಹಗುರ ಇರ್ತದಾ ಮಾರಾಯ?” ಒಂದು ಟ್ಯೂನರ್ (ತಂತಿ ಬಿಗಿ ಮಾಡುವ ತಿರುಪು) ಬಿಚ್ಚಿಸಿದರು. ತೂತಿನ ಒಳಗೆ ಟಾರ್ಚ್ ಬಿಟ್ಟು “ನೀನೇ ನೋಡು” ಅಂದರು. ಹೊರಗೆಲ್ಲ ಕಪ್ಪುಕಂದು, ಒಳಗೆ ಬಿಳಿಚು. ಹಿಂಬದಿ ಸ್ವಲ್ಪ ಹತ್ತರಿ ಹೊಡೆದಾಗ ಬಣ್ಣದ ಕೆಳಗೆ ಮೀನಿನ ಪೊರೆಯಂಥ ಚುಕ್ಕೆ ಚುಕ್ಕೆ ಕಂಡವು. “ಸಿಲ್ವರ್ ಓಕ್. ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸ್ತಾರಲ್ಲ, ಅದೇ. ಪ್ಯಾಕಿಂಗ್ ಪೆಟ್ಟಿಗೆಗೆ ಒಳ್ಳೇದು.” ಎಣ್ಣೆ ತಾಗದ ಬುಡಕ್ಕೆ ಅವರ ತೇವಾಂಶದ ಮೀಟರ್ ಚುಚ್ಚಿದರೆ ಶೇಕಡಾ 17. ಅದೂ ನಮ್ಮ ಮನೆಯಲ್ಲಿ ಒಂದೂವರೆ ತಿಂಗಳು ಒಣಗಿದ ಮೇಲೆ. ವಾದ್ಯ ಮಾಡುವವರು ನೆಕ್‌ಗೆ 6ರಿಂದ 8 ಕೇಳುತ್ತಾರೆ, ನಮ್ಮ ಹವೆಗೆ 10 ಇದ್ದರೂ ಪರವಾಗಿಲ್ಲ ಅನ್ನಿ.

ಬೇರೆಯವರು ಬಣ್ಣ ಗುರುತಿಸಲು ಸ್ಪಿರಿಟ್ ಹಾಕಿ ಹತ್ತಿಯಲ್ಲಿ ಒರೆಸಿ ಅಂತ ಹೇಳಿಯಾರು. ಅದನ್ನು ನೆಚ್ಚಬೇಡಿ, ನಿಜವಾದ ಬೀಟೆಯೂ ಸ್ಪಿರಿಟ್‌ಗೆ ಬಣ್ಣ ಬಿಡುತ್ತದೆ. ತೂತಿನ ಒಳಗೆ ನೋಡಿ. ಹೊಸದಾಗಿ ಕೊಯ್ದ ಜಾಗ ಮೂಸಿ, ಬೀಟೆಗೆ ಒಂದು ಸಿಹಿ ವಾಸನೆ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ಶುರುವಾಗುವ ಮುಂಚೆ ಹಲಗೆಯನ್ನು ಕೈಗೆ ಕೇಳಿ. ಮೀಟರ್ ಇಲ್ಲದಿದ್ದರೆ ತರಕಾರಿ ಅಂಗಡಿಯ ತಕ್ಕಡಿ ಸಾಕು. ಇವತ್ತು ತೂಗಿ, ಹದಿನೈದು ದಿನ ಮನೆಯೊಳಗಿಟ್ಟು ಮತ್ತೆ ತೂಗಿ. ತೂಕ ಇಳಿಯುತ್ತಿದ್ದರೆ ಅದು ಇನ್ನೂ ಹಸಿ. ಹಲಗೆ ಕೊಡೋಕೆ ಅವನು ಒಪ್ಪದಿದ್ದರೆ ಎದ್ದು ಬನ್ನಿ. ಪೂರ್ತಿ ದುಡ್ಡನ್ನಂತೂ ಮೊದಲೇ ಕೊಡಬೇಡಿ, ತಂತಿ ಹಾಕಿ ಒಂದು ತಿಂಗಳು ಕಳೆದ ಮೇಲೆ ಅರ್ಧ ಅಂತ ಮಾತಾಡಿಕೊಳ್ಳಿ. ಚೆನ್ನಾಗಿ ಮಾಡುವವರು ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ.

ಈಗ ಬೇಸ್‌ಗೆ ಸೆಕೆಂಡ್ ಹ್ಯಾಂಡ್ ಮೇಪಲ್ ನೆಕ್ ಹಾಕಿದ್ದೇನೆ, ಆರಾಮಾಗಿದೆ. ಆ ಇನ್ನೊಂದು ಮಾವನ ಅಟ್ಟದಲ್ಲಿದೆ. ತಂತಿ ಇಲ್ಲದೆಯೂ ತಿರುಚಿಕೊಂಡಿದೆ, ಮೇಜಿನ ಮೇಲಿಟ್ಟರೆ ಒಂದು ಮೂಲೆ ಎದ್ದೇ ಇರುತ್ತದೆ.

ಮೊನ್ನೆ ಅವನದು ಹೊಸ ವಿಡಿಯೋ ಬಂತು. ಐದು ತಂತಿಯ ಬೇಸ್‌ಗೆ ನೆಕ್, “ಹಳೇ ಮನೆಯ ಬೀಟೆ”, ಅದೇ ಕೊಳಲು. ಟ್ಯೂನರ್ ಕೂರಿಸುವ ಜಾಗ ಬಂದಾಗ ವಿಡಿಯೋ ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆ. ತೂತಿನ ಒಳಗೆ ಬಿಳಿಚು.