ಟ್ರೋಲಿಂಗ್‌ಗೆ ಪ್ಯಾಡಲ್‌ವೀಲ್ ಸೆನ್ಸರ್: ಜಿಪಿಎಸ್ ಇದ್ದರೂ ಬೇಕೇ?

ಫಿಶ್‌ಫೈಂಡರ್ (ನೀರಡಿಯ ಮೀನು ತೋರಿಸುವ ಸಾಧನ) ಪರದೆಯಲ್ಲೇ ಜಿಪಿಎಸ್ ವೇಗ ಕಾಣುವಾಗ, ನೀರಿನ ಹರಿವಿಗೆ ತಿರುಗುವ ಪುಟ್ಟ ಚಕ್ರದಿಂದ ವೇಗ ಅಳೆಯುವ ಇನ್ನೊಂದು ಸೆನ್ಸರ್ ದೋಣಿಯ ಹಿಂಬದಿಗೆ ಯಾಕೆ ಎಂದು ಕೇಳುವವರೇ ಹೆಚ್ಚು. ನಿಂತ ನೀರಲ್ಲಿ ಟ್ರೋಲಿಂಗ್ ಮಾಡುವವರಿಗೆ, ಅಂದರೆ ಚಲಿಸುವ ದೋಣಿಯ ಹಿಂದೆ ಗಾಳ ಎಳೆದು ಮೀನು ಹಿಡಿಯುವವರಿಗೆ, ನಿಜಕ್ಕೂ ಬೇಡ. ಹೊಳೆ, ಅಳಿವೆ, ಗಾಳಿಗೆ ಮೇಲ್ನೀರು ಸರಿಯುವ ದೊಡ್ಡ ಸರೋವರ, ಇಂಥ ಕಡೆ ಮಾತ್ರ ಈ ಪುಟ್ಟ ಚಕ್ರಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗ. ಲ್ಯೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಕುಣಿಯುವುದು ನೀರಿನ ಲೆಕ್ಕದಲ್ಲಿ. ಸೆಳೆತ ಗಂಟೆಗೆ 1.5 ಕಿ.ಮೀ. ಇದೆ ಎನ್ನಿ. ಜಿಪಿಎಸ್‌ನಲ್ಲಿ 4 ಇಟ್ಟು ಸೆಳೆತದ ಜೊತೆ ಹೋದರೆ ಲ್ಯೂರ್‌ಗೆ ಸಿಗುವುದು 2.5, ಎದುರು ಹೋದರೆ 5.5. ಒಂದು ಕಡೆ ಸ್ಪೂನ್ (ಚಮಚದಾಕಾರದ ಲೋಹದ ಲ್ಯೂರ್) ಅಲುಗಾಡದೆ ಜೋತು ಬೀಳುತ್ತದೆ, ಇನ್ನೊಂದು ಕಡೆ ಗಿರಗಿರ ಸುತ್ತಿ ದಾರ ತಿರುಚುತ್ತದೆ. ಹೋಗುವಾಗ ಕಚ್ಚಿದ ಮೀನು ಬರುವಾಗ ಮೂಸಿಯೂ ನೋಡದಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಕೂರಿಸುವ ಜಾಗದಲ್ಲಿ ರಾಜಿ ಬೇಡ. ಪ್ರೊಪೆಲ್ಲರ್‌ನಿಂದ ದೂರ, ದೋಣಿತಳದ ಏಣುಗಳ ಹಿಂದೆ ಬಾರದಂತೆ, ನೀರು ನುಣುಪಾಗಿ ಹರಿಯುವ ಕಡೆ ಕೂರಿಸಿ. ಗುಳ್ಳೆ ಬೆರೆತ ನೀರು ತಾಗಿದರೆ ಅಂಕಿ ಕುಣಿದಾಡುತ್ತದೆ.

ಪೆಟ್ಟಿಗೆಯಿಂದ ತೆಗೆದ ಸೆನ್ಸರ್‌ನ ಅಂಕಿಯನ್ನು ಹಾಗೇ ನಂಬಬೇಡಿ. ಥ್ರಾಟಲ್ (ಎಂಜಿನ್ ವೇಗದ ಹಿಡಿ) ಬದಲಿಸದೆ ಸೆಳೆತದ ಜೊತೆಗೊಮ್ಮೆ, ಎದುರಿಗೊಮ್ಮೆ ನೇರ ಓಡಿಸಿ, ಎರಡೂ ಜಿಪಿಎಸ್ ವೇಗ ಬರೆದುಕೊಳ್ಳಿ. 5.6 ಮತ್ತು 4.0 ಬಂದರೆ ಸರಾಸರಿ 4.8. ಚಕ್ರ 4.2 ತೋರಿಸುತ್ತಿದ್ದರೆ 4.8 ÷ 4.2, ಅಂದರೆ ಸುಮಾರು ಶೇ. 114ರ ತಿದ್ದುಪಡಿ ಮೆನುವಿನಲ್ಲಿ ಕೊಡಬೇಕು. ಸರಾಸರಿ ತೆಗೆಯಬೇಕಾದ್ದು ಎರಡು ವೇಗಗಳದ್ದು. ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಎದುರು ಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಸಾಲ್ಮನ್, ಟ್ರೌಟ್‌ಗೆ ಸ್ಪೂನ್ ಎಳೆಯುವವರು ಸಾಮಾನ್ಯವಾಗಿ ಗಂಟೆಗೆ 3 ರಿಂದ 5 ಕಿ.ಮೀ. ವೇಗದ ಒಳಗೇ ಇರುತ್ತಾರೆ, ಅಲ್ಲಿ ಅರ್ಧ ಕಿ.ಮೀ. ವ್ಯತ್ಯಾಸವೂ ದೊಡ್ಡದು. ಸಮುದ್ರದಲ್ಲಿ 6 ರಿಂದ 9 ನಾಟ್‌ನಲ್ಲಿ (ಗಂಟೆಗೆ ಸುಮಾರು 11 ರಿಂದ 17 ಕಿ.ಮೀ.) ಕುಚ್ಚು ಕಟ್ಟಿದ ಸ್ಕರ್ಟ್ ಲ್ಯೂರ್ ಎಳೆಯುವವರಿಗೆ ಜಿಪಿಎಸ್ಸೇ ಸಾಕು.

ದೊಡ್ಡ ಕೊರತೆಗಳು ಎರಡು. ಮೊದಲನೆಯದು ಪಾಚಿ ಮತ್ತು ಕಸ. ಒಂದೇ ಎಳೆ ಕಳೆ ಚಕ್ರದ ಅಚ್ಚಿಗೆ ಸುತ್ತಿಕೊಂಡರೂ ವೇಗ ಕಡಿಮೆ ತೋರುತ್ತದೆ, ನೀವು ಗೊತ್ತಿಲ್ಲದೆ ಥ್ರಾಟಲ್ ಏರಿಸುತ್ತೀರಿ. ದೋಣಿ ಇಳಿಸುವ ಮುನ್ನ ಬೆರಳಿಂದ ತಿರುಗಿಸಿ ನೋಡಿ, ಸಲೀಸಾಗಿ ತಿರುಗಬೇಕು. ತೀರಾ ನಿಧಾನದಲ್ಲಿ, ಉದಾಹರಣೆಗೆ ಎರೆಹುಳು ಸಿಕ್ಕಿಸಿದ ಸ್ಪಿನ್ನರ್ ಎಳೆಯುವಾಗ, ಚಕ್ರ ತಡವರಿಸುವುದೂ ಉಂಟು. ಆಗ ಗಾಳದ ಕೋಲಿನ ತುದಿಯೇ ನಂಬಿಕಸ್ಥ: ಲ್ಯೂರನ್ನು ದೋಣಿಯ ಪಕ್ಕದಲ್ಲೇ ಎಳೆದು ಸರಿಯಾಗಿ ಕುಣಿಯುವ ವೇಗ ಹಿಡಿಯಿರಿ, ತುದಿಯ ನಡುಕ ನೆನಪಿಟ್ಟುಕೊಳ್ಳಿ.

ಎರಡನೆಯದು ಆಳ. ಚಕ್ರಕ್ಕೆ ಗೊತ್ತಿರುವುದು ಮೇಲ್ನೀರು ಮಾತ್ರ. 20 ಮೀಟರ್ ಕೆಳಗೆ ಸೆಳೆತ ಬೇರೆ ದಿಕ್ಕಿಗಿರಬಹುದು. ಡೌನ್‌ರಿಗ್ಗರ್ (ತಂತಿಗೆ ಕಟ್ಟಿದ ಭಾರದಿಂದ ಲ್ಯೂರನ್ನು ಆಳಕ್ಕಿಳಿಸುವ ಸಾಧನ) ಬಳಸುವವರು ತಂತಿ ಹಿಂದಕ್ಕೆ ವಾಲುವ ಕೋನವನ್ನೂ ನೋಡುತ್ತಿರಬೇಕು. ಚಕ್ರದ ಅಂಕಿ ಅದೇ ಇದ್ದು ಕೋನ ಮಾತ್ರ ಹೆಚ್ಚಿದರೆ ಕೆಳಗಿನ ನೀರು ಎದುರು ಬರುತ್ತಿದೆ ಎಂದು ತಿಳಿದು, ಕೋನ ಮೊದಲಿನಂತಾಗುವವರೆಗೆ ಥ್ರಾಟಲ್ ಇಳಿಸಿ.