ನೆಟ್ ಇಲ್ಲದ ಊರಿಗೆ ಪೆನ್‌ಡ್ರೈವ್ ಪಾಠ: ಸ್ಪೋಕನ್ ಟ್ಯುಟೋರಿಯಲ್ ಕನ್ನಡದಲ್ಲಿ ಹೇಗಿದೆ?

ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳಲ್ಲಿ ಕಂಪ್ಯೂಟರ್ ಕಲಿಯುವವರಿಗೆ ಫೀಗಿಂತ ಭಾರವಾಗುವುದು ಓಡಾಟ. ಒಂದು ಗಂಟೆಯ ಕ್ಲಾಸಿಗೆ ಶಿವಮೊಗ್ಗಕ್ಕೆ ಹೋಗಿಬಂದರೆ ಅರ್ಧ ದಿನದ ಕೆಲಸ ಕೆಟ್ಟಿತು. ಆನ್‌ಲೈನ್ ಕೋರ್ಸ್ ಸೇರೋಣವೆಂದರೆ ಜೋರು ಮಳೆಯಲ್ಲಿ ಕರೆಂಟೂ ಇರುವುದಿಲ್ಲ, ಟವರೂ ಸಿಗುವುದಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಎಂಬ ವಿಡಿಯೊ ಪಾಠಗಳನ್ನು ಈ ಲೆಕ್ಕ ಇಟ್ಟುಕೊಂಡೇ ತೂಗಬೇಕು. ಪಾಠಕ್ಕೆ ದುಡ್ಡಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ, ಪತ್ರ, ಲೆಕ್ಕದ ಶೀಟು ಮಾಡುವ ಉಚಿತ ತಂತ್ರಾಂಶ ಲಿಬ್ರೆ ಆಫೀಸಿನಂಥ ಮುಖ್ಯ ಪಾಠಗಳಿಗೆ ಕನ್ನಡದ ದನಿ ಇದೆ.

ಇಲ್ಲಿನ ಕೆಲಸಗಳಿಗೆ ಬೇಕಿರುವುದು ಬಹುಪಾಲು ಅಷ್ಟೇ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು: 63,000 ಸಂಘಗಳು, 2,516 ಕೋಟಿ ರೂಪಾಯಿ. ಲೆಡ್ಜರ್ ಬರೆದೇ ಕೂದಲು ನರೆಸಿಕೊಂಡ ಗುಮಾಸ್ತರೂ ಈಗ ಮೌಸ್ ಹಿಡಿಯಬೇಕು. ಅಡಿಕೆ ಮಂಡಿ, ಸೊಸೈಟಿ, ಹೋಂಸ್ಟೇಗಳಲ್ಲಿ ಕೆಲಸ ಕೇಳಿಕೊಂಡು ಹೋದವರನ್ನು ಯಾರೂ ಕೋಡಿಂಗ್ ಕೇಳುವುದಿಲ್ಲ. ಲೆಕ್ಕದ ಶೀಟು, ಪತ್ರ, ಕನ್ನಡ ಟೈಪಿಂಗ್, ಪಿಡಿಎಫ್ ಮಾಡಿ ಕಳಿಸುವುದು, ಇಷ್ಟು ಬರುತ್ತದಾ ಎಂದು ಕೇಳುತ್ತಾರೆ.

ಒಂದೊಂದು ಪಾಠ ಸುಮಾರು 10 ನಿಮಿಷದ್ದು. ಪರದೆಯ ಮೇಲೆ ಮಾಡಿ ತೋರಿಸುತ್ತಾರೆ, ದನಿ ವಿವರಿಸುತ್ತದೆ. ಬರೀ ನೋಡುತ್ತ ಕೂತರೆ ಏನೂ ಹತ್ತುವುದಿಲ್ಲ. ಅರ್ಧ ಪರದೆಯಲ್ಲಿ ವಿಡಿಯೊ, ಇನ್ನರ್ಧದಲ್ಲಿ ಲಿಬ್ರೆ ಆಫೀಸಿನ ಲೆಕ್ಕದ ಶೀಟು ಕ್ಯಾಲ್ಕ್ ತೆರೆದಿರಬೇಕು; ವಿಂಡೋಸ್ ಕೀ ಜೊತೆ ಎಡ ಅಥವಾ ಬಲ ಬಾಣ ಒತ್ತಿದರೆ ಪರದೆ ಹಾಗೆ ಹಂಚಿಕೊಳ್ಳುತ್ತದೆ. ಒಂದು ಹೆಜ್ಜೆ ನೋಡಿ, ನಿಲ್ಲಿಸಿ, ಅದನ್ನೇ ಮಾಡಿ, ಮುಂದೆ ಹೋಗಿ. 10 ನಿಮಿಷದ ಪಾಠಕ್ಕೆ ಅರ್ಧ ಗಂಟೆ ಹಿಡಿದರೆ ಅದೇ ಸರಿಯಾದ ವೇಗ. ಮೊಬೈಲಿನಲ್ಲಿ ನೋಡಿ ಮುಗಿಸಿದವರಿಗೆ ಎರಡನೇ ವಾರಕ್ಕೆ ಮೆನು ಎಲ್ಲಿದೆ ಎಂಬುದೂ ನೆನಪಿರುವುದಿಲ್ಲ.

ಇಳಿಸಿಕೊಳ್ಳುವಾಗ ಕಾಡುವುದು ಸಣ್ಣ ಸಣ್ಣ ತೊಡಕುಗಳು. ಬೇಕಾದ ಪಾಠಮಾಲೆ, ಭಾಷೆ ಆರಿಸಿಕೊಂಡರೆ ಎಲ್ಲ ಸೇರಿ ಒಂದು ಜಿಪ್ ಕಡತವಾಗಿ ಸಿಗುತ್ತದೆ. ಅದನ್ನು ಬಿಚ್ಚದೆ ಒಳಗಿನ ಪುಟವನ್ನಷ್ಟೇ ತೆರೆದರೆ ಪಟ್ಟಿ ಕಾಣುತ್ತದೆ, ವಿಡಿಯೊ ಓಡುವುದಿಲ್ಲ. ಮೊದಲು ಪೂರ್ತಿ ಎಕ್ಸ್‌ಟ್ರ್ಯಾಕ್ಟ್ ಮಾಡಿ. ಓಜಿವಿ ಮಾದರಿಯ ಕಡತ ಓಡದಿದ್ದರೆ ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಹತ್ತಾರು ಪಾಠಮಾಲೆ ಒಟ್ಟಿಗೆ ಆರಿಸಿ ಜಿಪ್ 4 ಜಿಬಿ ದಾಟಿದರೆ ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಅದನ್ನು ತೆಗೆದುಕೊಳ್ಳುವುದಿಲ್ಲ. ಜಾಗ ಖಾಲಿ ಇದ್ದರೂ ಅಷ್ಟೇ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಂಡರೆ ಆಯಿತು, ಆದರೆ ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಪಾಠಗಳನ್ನು ಪ್ರತಿ ಮಾಡಿ ಹಂಚಲು ಪರವಾನಗಿಯೇ ಅನುಮತಿ ಕೊಟ್ಟಿದೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಕಂಪ್ಯೂಟರ್ ಇದ್ದರೆ ಅಲ್ಲೊಂದು ಪ್ರತಿ ಹಾಕಿಸಿ.

ಕೊರತೆ ಇಲ್ಲವೆಂದಲ್ಲ. ದನಿ ಕನ್ನಡ, ಪರದೆ ಇಂಗ್ಲಿಷ್. ಇದನ್ನು ದೊಡ್ಡ ದೋಷವೆನ್ನಲಾಗದು, ಕೆಲಸದ ಜಾಗದಲ್ಲೂ ಮೆನು ಇಂಗ್ಲಿಷಿನಲ್ಲೇ ಇರುತ್ತದೆ. ಆವೃತ್ತಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಪಾಠಗಳು ಲಿಬ್ರೆ ಆಫೀಸ್ 3.3.4ರಲ್ಲಿ ಮಾಡಿದವು. ಸೂತ್ರಗಳು ಬದಲಾಗಿಲ್ಲ, ಕೆಲವು ಮೆನುಗಳ ಜಾಗ ಬದಲಾಗಿದೆ. ಸೂತ್ರ ನಕಲಿಸಿದಾಗ ಬದಲಾಗದಂತೆ ಸೆಲ್ ವಿಳಾಸಕ್ಕೆ ಡಾಲರ್ ಚಿಹ್ನೆ ಹಾಕಿ ಕಟ್ಟಿಹಾಕಲು ಹಿಂದೆ ಶಿಫ್ಟ್ ಜೊತೆ ಎಫ್4 ಒತ್ತಬೇಕಿತ್ತು, ಈಗ ಬರೀ ಎಫ್4 ಸಾಕು.

ಪಾಠದ ಉದಾಹರಣೆಗಳು ಎಲ್ಲಿಯವೋ ಆಗಿರುತ್ತವೆ. ಹಾಗಾಗಿ ಅಭ್ಯಾಸಕ್ಕೆ ಮನೆಯ ಅಡಿಕೆ ಪಟ್ಟಿಯನ್ನೇ ಹಿಡಿಯಿರಿ: ತಾರೀಕು, ಬಗೆ (ರಾಶಿ, ಬೆಟ್ಟೆ, ಸರಕು, ಗೊರಬಲು), ಕಿಲೊ, ಕ್ವಿಂಟಾಲ್ ದರ, ಮೊತ್ತ. ಮೊತ್ತವೆಂದರೆ ತೂಕ ಗುಣಿಸು ದರ, ಭಾಗಿಸು 100. 65 ಕಿಲೊ, ದರ 48,000 ಎಂದಿಟ್ಟುಕೊಂಡರೆ 31,200 ಬರಬೇಕು. ಎಡವುವುದು ಎರಡು ಕಡೆ. ದರದ ಸೆಲ್‌ನಲ್ಲಿ ಚೀಟಿಯ ರೂಢಿಯಂತೆ ‘48,000/-’ ಎಂದು ಬರೆದರೆ ಕ್ಯಾಲ್ಕ್ ಅದನ್ನು ಅಕ್ಷರವೆಂದು ತಿಳಿಯುತ್ತದೆ. ಗುಣಿಸಿದರೆ ದೋಷ ತೋರಿಸುತ್ತದೆ, ಅದು ವಾಸಿ. ಮೊತ್ತದ ಕಾಲಮ್ಮಿನಲ್ಲೇ ಹಾಗೆ ಬರೆದು ಸಮ್ ಹಾಕಿದರೆ ಆ ಸಾಲನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ, ಒಟ್ಟು ಕಡಿಮೆ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ನಿಜವಾದ ಅಂಕಿ ತಾನಾಗಿ ಬಲಕ್ಕೆ ವಾಲುತ್ತದೆ, ಎಡಕ್ಕೆ ಅಂಟಿಕೊಂಡಿದ್ದರೆ ಅನುಮಾನಪಡಿ. ಇನ್ನೊಂದು ತಾರೀಕಿನದು. ಲೊಕೇಲ್ (ಯಾವ ದೇಶದ ರೂಢಿ ಎಂಬ ಆಯ್ಕೆ) ಅಮೆರಿಕದ ಇಂಗ್ಲಿಷ್ ಆಗಿದ್ದರೆ 05/06/2025 ಎಂಬುದು ಜೂನ್ 5 ಆಗದೆ ಮೇ 6 ಆಗುತ್ತದೆ. 13/06/2025 ತಾರೀಕೇ ಆಗುವುದಿಲ್ಲ. ಟೂಲ್ಸ್, ಆಪ್ಷನ್ಸ್ ಒಳಗಿನ ಭಾಷೆಯ ವಿಭಾಗದಲ್ಲಿ ಲೊಕೇಲನ್ನು ಇಂಗ್ಲಿಷ್ ಇಂಡಿಯಾ ಎಂದು ಬದಲಿಸಿಕೊಂಡೇ ಟೈಪಿಂಗ್ ಶುರುಮಾಡಿ. ಶೀಟನ್ನು ಬೇರೆಯವರಿಗೆ ಕಳಿಸುವಾಗ ಎಕ್ಸೆಲ್ ಮಾದರಿಯಲ್ಲಿ ಉಳಿಸಿ.

ಕನ್ನಡ ಟೈಪಿಂಗನ್ನು ಬೇರೆಯಾಗಿಯೇ ಕಲಿಯಬೇಕು. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಓಡುತ್ತಿರುವುದು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಆನ್‌ಲೈನ್ ಅರ್ಜಿಗೆ ಅಂಟಿಸಿದರೂ ಅದೇ ಕಥೆ. ಎಲ್ಲ ಕಡೆ ಸರಿಯಾಗಿ ಕಾಣುವ ಯೂನಿಕೋಡಿನಲ್ಲೇ ಕಲಿಯಿರಿ, ಕೀಲಿಮಣೆ ಮಾತ್ರ ನುಡಿಯಲ್ಲಿರುವ ಕಗಪ ವಿನ್ಯಾಸದ್ದಿರಲಿ. ಬೆರಳಿನ ಅಭ್ಯಾಸ ಎರಡೂ ಕಡೆ ಒಂದೇ ಆದ್ದರಿಂದ ಅಂಗಡಿಯಲ್ಲಿ ಕೆಲಸ ಸಿಕ್ಕರೂ ಹೊಸದಾಗಿ ಕಲಿಯಬೇಕಿಲ್ಲ.

ಯಂತ್ರಕ್ಕೆ ಹೆಚ್ಚು ಸುರಿಯಬೇಡಿ. 4 ಜಿಬಿ ರ‍್ಯಾಮ್ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಧಾರಾಳ. ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಓಟವೇ ಬೇರೆ. ಬ್ಯಾಟರಿ ಒಂದು ಗಂಟೆಯಾದರೂ ನಿಲ್ಲಲೇಬೇಕು, ಮಲೆನಾಡಿನಲ್ಲಿ ಅದಿಲ್ಲದೆ ಆಗದು. 2024ರ ಜನವರಿ 12ರಂದು ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲಿ ಚಾಲನೆಗೊಂಡ, ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯೋಜನೆ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಗೊತ್ತುಮಾಡಿದ್ದಾರೆ. ಅದು ಕೈಗೆ ಬರುತ್ತಿದ್ದರೆ ಚೌಕಟ್ಟು ಹಾಕಿಸುವ ಸರ್ಟಿಫಿಕೇಟಿಗಿಂತ ಲ್ಯಾಪ್‌ಟಾಪಿಗೆ ಹಾಕುವುದು ಜಾಣತನ.

ಸರ್ಟಿಫಿಕೇಟೇ ಬೇಕೆನ್ನುವವರು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ವೇದಿಕೆಯಲ್ಲಿ ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸ್ ನೋಡಬಹುದು. ಪಾಠ ಉಚಿತ, ಪರೀಕ್ಷೆಗೆ ಮಾತ್ರ 1,000 ರೂಪಾಯಿ, ಕೇಂದ್ರಕ್ಕೆ ಖುದ್ದು ಹೋಗಿ ಬರೆಯಬೇಕು. ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಎರಡೂ ದಾಟಿದರೆ ಪಾಸ್. ವಾರದ ಗಡುವು ತಪ್ಪಿದರೆ ಆ ಅಸೈನ್‌ಮೆಂಟಿನ ಅಂಕ ಹೋಯಿತು, ಹಾಗಾಗಿ ನೆಟ್ ಗಟ್ಟಿಯಿಲ್ಲದ ಮನೆಯವರು ಜುಲೈಯಲ್ಲಿ ಶುರುವಾಗುವ ಕೋರ್ಸ್ ಬಿಟ್ಟು ಜನವರಿಯದನ್ನು ಹಿಡಿಯುವುದು ಒಳ್ಳೆಯದು.

ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಎದುರಿಗೆ ಕೂತು ತಿದ್ದುವವರಿಲ್ಲ. ಅದರ ಪ್ರಶ್ನೋತ್ತರ ವಿಭಾಗದಲ್ಲಿ ಪಾಠದ ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಸಿಕ್ಕಿಬಿದ್ದಿರೆಂದು ಗುರುತು ಮಾಡಿ ಕೇಳಬಹುದು. ‘ಕೆಲಸ ಮಾಡ್ತಿಲ್ಲ’ ಎಂದಷ್ಟೇ ಬರೆದರೆ ಯಾರೂ ನೆರವಾಗಲಾರರು. ನಿಮ್ಮ ಆವೃತ್ತಿಯ ಸಂಖ್ಯೆ, ನೀವು ಬರೆದ ಸೂತ್ರ, ಪರದೆಯಲ್ಲಿ ಬಂದ ದೋಷದ ಸಾಲು, ಈ ಮೂರನ್ನೂ ಹಾಕಿ.